ಕಲ್ಲಯ್ಯ ಹೇಳದೆ ಬಿಟ್ಟ ಅರ್ಧ ಯುದ್ಧ

ಟಿಳಕವಾಡಿಯ ನಿವೃತ್ತ ಹವಾಲ್ದಾರ ಕಲ್ಲಯ್ಯನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಕಾರ್ಗಿಲ್ ಯುದ್ಧದಲ್ಲಿ ಗುಡ್ಡದ ಮೇಲಿನ ಸೈನಿಕರಿಗೆ ಅಕ್ಕಿ-ಬೇಳೆ ಒಯ್ಯುವ ಟ್ರಕ್ಕು ಓಡಿಸಿದವನು ಅವನು. ಆಗಸ್ಟ್ ಹದಿನೈದು ಬಂತೆಂದರೆ ಅವನ ಹುಟ್ಟೂರು ಖಾನಾಪುರದ ಶಾಲೆಗಳು ನಾ ಮುಂದು ತಾ ಮುಂದು ಎಂದು ಭಾಷಣಕ್ಕೆ ಕರೆಯುತ್ತಿದ್ದವು. ಬೀಳುವ ಶೆಲ್ಲುಗಳ ನಡುವೆ ಟ್ರಕ್ಕಿನಲ್ಲಿ ಘಾಟಿ ಹತ್ತಿದ ಕಥೆಯನ್ನು ಮೀಸೆ ತಿರುವಿ ಹೇಳಿದರೆ ಮಕ್ಕಳ ಮೈ ಜುಮ್ಮೆನ್ನುತ್ತಿತ್ತು. ಯುದ್ಧ ಯಾವಾಗ ಶುರು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ದಿಲ್ಲಿಯವರಿಗೂ ಅವನು ಕಟ್ಟೆಯ ಮೇಲೆ ಕೂತೇ ಬುದ್ಧಿ ಹೇಳುತ್ತಿದ್ದ. ದಿಲ್ಲಿಯವರಿಗೆ ಕೇಳಿಸುತ್ತಿರಲಿಲ್ಲ, ಅಷ್ಟೆ.

ಎಷ್ಟೋ ವರ್ಷಗಳ ಮೇಲೆ ಒಂದು ಮೇ ತಿಂಗಳಲ್ಲಿ ಗಡಿಯಲ್ಲಿ ಮತ್ತೆ ಗುಂಡು ಹಾರಿದಾಗ ಮಾತ್ರ ಕಲ್ಲಯ್ಯನ ಬಾಯಿ ಕಟ್ಟಿತು. ಮಗಳು ನೇತ್ರಾ ಗಡಿಗೆ ಹತ್ತಿರದ ಮಿಲಿಟರಿ ಆಸ್ಪತ್ರೆಯಲ್ಲಿ ನರ್ಸು. ಅವಳ ಫೋನು ಹತ್ತುತ್ತಿರಲಿಲ್ಲ. ಹೆಂಡತಿ ಗೌರವ್ವ ದೇವರ ಮುಂದಿನಿಂದ ಏಳುತ್ತಿರಲಿಲ್ಲ. ಕಲ್ಲಯ್ಯನಿಗೋ ಟಿವಿ ಹಚ್ಚಲು ಧೈರ್ಯವಿಲ್ಲ, ಹಚ್ಚದೆ ಇರಲು ತಾಳ್ಮೆಯಿಲ್ಲ.

ಕಡೆಗೊಮ್ಮೆ ಗುಂಡು ನಿಂತಿತು. ಮರುದಿನವೇ ಖಾನಾಪುರದ ತರುಣರು ಸಭೆ ಇಟ್ಟು, ಒಲ್ಲೆನೆಂದರೂ ಬಿಡದೆ ಇಬ್ಬರನ್ನೂ ಕಾರಿನಲ್ಲಿ ಕರೆದೊಯ್ದರು. ಕಲ್ಲಯ್ಯನನ್ನು ವೇದಿಕೆಯ ಮೇಲೆ ಕೂಡಿಸಿದರು, ಗೌರವ್ವನನ್ನು ಕೆಳಗೆ ಹೆಂಗಸರ ಸಾಲಿನಲ್ಲಿ. ತರುಣರ ಸಂಘದ ಅಧ್ಯಕ್ಷ ಆಕಾಶ ಮೈಕಿನಲ್ಲಿ ಗುಡುಗಿದ:

“ಇಷ್ಟ ಲಗೂ ನಿಲ್ಲಸಬಾರದಿತ್ತು! ಇನ್ನೊಂದ ನಾಕ ದಿನ ಹೊಡೀಬೇಕಿತ್ತು! ಹೌದಲ್ಲರಿ ಕಾಕಾ?”

ಜನ ಚಪ್ಪಾಳೆ ತಟ್ಟಿದರು. ಕಲ್ಲಯ್ಯ ಮಾತಾಡಲು ಎದ್ದ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ರಿಂಗಾಯಿತು. ಮಗಳ ಹೆಸರು ನೋಡಿದವನೇ ಸಭೆ ಗಿಭೆ ಮರೆತು ಕಿವಿಗೆ ಹಚ್ಚಿದ. ಕೇಳುತ್ತ ಕೇಳುತ್ತ ಕಣ್ಣು ತುಂಬಿದವು. ಮಾತು ಮುಗಿದ ಮೇಲೆ ಮೈಕು ಕೈಗೆ ತಗೊಂಡ.

“ನೇತ್ರಾನ ಅವ್ವಾ, ನಮ್ಮ ಮಗಳು ಆರಾಮ ಅದಾಳಂತ!”

ಹೆಂಗಸರ ಸಾಲಿನಲ್ಲಿ ಗೌರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಕಲ್ಲಯ್ಯ ಆಕಾಶನ ಕಡೆ ತಿರುಗಿದ. ದನಿ ಇಳಿದಿತ್ತು. “ತಮ್ಮಾ, ಘಾಟಿ ಹತ್ತಿದ್ದಷ್ಟ ನಿಮಗ ಹೇಳೀನಿ. ಇಳಿಯೂಮುಂದ ಅದ ಗಾಡ್ಯಾಗ ಗಾಯ ಆದ ಹುಡುಗೂರನ್ನ ಹಾಕ್ಕೊಂಡ ಬರತಿದ್ದೆ. ನಿನ್ನ ವಾರಿಗಿಯವರ, ನಿನ್ನಷ್ಟ ವಯಸ್ಸಿನವರ. ಹಿಂದ ಅವ್ವಾ ಅವ್ವಾ ಅನ್ನೋದು ಕೇಳಸತಿತ್ತು. ಅರ್ಧಾ ದಾರಿಗೆ ಸುಮ್ಮಾದ್ರ ನಾ ತಿರುಗಿ ನೋಡತಿರಲಿಲ್ಲ.”

ಗೌರವ್ವ ಸೆರಗು ತೆಗೆದು ಗಂಡನನ್ನೇ ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದರೂ ಇದನ್ನು ಅವಳಿಗೂ ಹೇಳಿರಲಿಲ್ಲ.

“ಇವತ್ತ ನನ್ನ ಮಗಳ ವಾರ್ಡಿಗೆ ಹೊಸಬರು ಒಬ್ಬರೂ ಬಂದಿಲ್ಲಂತ. ಎಷ್ಟೋ ದಿನದ ಮ್ಯಾಲ ಅಕಿ ನಿದ್ದಿ ಮಾಡ್ಯಾಳಂತ. ಚಪ್ಪಾಳಿ ಹೊಡಿಯೂದಿದ್ರ ಇದಕ್ಕ ಹೊಡೀರಿ.”

ಆಕಾಶ ತಲೆ ತಗ್ಗಿಸಿದ. ಗೌರವ್ವ ಒಬ್ಬಳೇ ಎದ್ದು ನಿಂತು, ಅಳುತ್ತಲೇ ಚಪ್ಪಾಳೆ ಹೊಡೆಯತೊಡಗಿದಳು.