ಸೇತುವೆ ಮೇಲೆ ಹತ್ತು ಎಣಿಕೆ

ನಮ್ಮ ಭಾವ ಸೇತುವೆ ನೋಡುವವರು. ನೋಡುವವರೆಂದರೆ ದಡದಲ್ಲಿ ನಿಂತು ಅಂದ ಸವಿಯುವವರಲ್ಲ. ನದಿಯ ಮೇಲಿನ ರೈಲು ಸೇತುವೆಯ ತೊಲೆ ತೊಲೆಗೂ ಹತ್ತಿ, ಬೋಲ್ಟು ಸಡಿಲವಾಗಿದೆಯೇ, ಕಬ್ಬಿಣ ಬಿರುಕು ಬಿಟ್ಟಿದೆಯೇ ಎಂದು ಬರೆದುಕೊಳ್ಳುವ ಕೆಲಸ. ಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತಿ ಎಂದರೆ ತಲೆಸುತ್ತು ಎನ್ನುವ ಮನುಷ್ಯ ಅಲ್ಲಿ ಮಾತ್ರ ಇಪ್ಪತ್ತೆರಡು ವರ್ಷ ಹಾಯಾಗಿದ್ದರು.

ಒಂದು ದಿನ ಆಫೀಸಿನವರು ಅವರದೂ ಜೊತೆಯವರದೂ ನೋಟ್‌ಬುಕ್ಕು ಕಿತ್ತುಕೊಂಡು ಸೊಂಟಕ್ಕೆ ಕಂಪ್ಯೂಟರ್ ಕಟ್ಟಿದರು. ಬೆಲ್ಟಿನಲ್ಲೊಂದು ಪೆಟ್ಟಿಗೆ, ಮಣಿಕಟ್ಟಿನ ಮೇಲೆ ಪುಟ್ಟ ಪರದೆ. ಪೆಟ್ಟಿಗೆಯೊಳಗೆ ಗಿರ್ರನೆ ತಿರುಗುವ ಹಾರ್ಡ್ ಡಿಸ್ಕ್. ಮೇಜಿನ ಮೇಲೆ ತೆಪ್ಪಗಿರಬೇಕಾದದ್ದನ್ನು ಏಣಿ ಹತ್ತಿಸಿದರೆ ಅದಾದರೂ ಏನು ಮಾಡೀತು? ಮೊದಲನೆಯದು ಭಾವ ಧೊಪ್ಪನೆ ಕೆಳಗಿಳಿದಾಗ ಕೈಕೊಟ್ಟಿತು. ಎರಡನೆಯದು ಸೀನಿದ್ದಕ್ಕೆ. ಸೀನಿದ್ದಕ್ಕೇ ಎಂದು ಅವರು ಇವತ್ತಿಗೂ ಆಣೆ ಇಡುತ್ತಾರೆ. ಎರಡು ಸಲವೂ ವಾರವಿಡೀ ಬರೆದದ್ದು ನೀರುಪಾಲು.

"ಇನ್ನೊಂದು ಹಾಳಾದ್ರೆ ನಿಮ್ಮನ್ನ ಆಫೀಸಲ್ಲೇ ಕೂರಿಸ್ತೀನಿ," ಎಂದರು ಸಾಹೇಬರು.

ಸೇತುವೆ ಬಿಟ್ಟು ಕುರ್ಚಿಯಲ್ಲಿ ಕೂರುವುದೆಂದರೆ ಭಾವನಿಗೆ ಜೀವ ಹೋದ ಹಾಗೆ.

ಮರುದಿನದಿಂದ ನಡಿಗೆಯೇ ಬೇರೆ. ಹೆಜ್ಜೆ ಎತ್ತುವುದಿಲ್ಲ, ಜಾರಿಸುವುದು. ಬರೆದದ್ದು ಡಿಸ್ಕಿಗೆ ಇಳಿಯುವ ತನಕ ಅಲುಗಬಾರದೆಂದು ಪ್ರತಿ ಬೋಲ್ಟಿನ ಮುಂದೆ ಉಸಿರು ಬಿಗಿಹಿಡಿದು ಹತ್ತು ಎಣಿಸುವುದು. ಡಿಸ್ಕಿಗೆ ಹೆದರಿ ತಾವೂ ಮೂರು ನಾಲ್ಕು ಎಣಿಸುತ್ತಿದ್ದ ಜೊತೆಯವರು ಅವರಿಗೆ ಮದುಮಗಳು ಎಂದು ಹೆಸರಿಟ್ಟರು. ಮನೆಯಲ್ಲೂ ಅದೇ ಚಾಳಿ.

"ನಾನು ಬಸುರಿ ಇದ್ದಾಗ್ಲೂ ಇಷ್ಟು ಹುಷಾರಾಗಿ ನಡೀಲಿಲ್ಲ ಕಣೋ," ಎಂದು ಅಕ್ಕ ನನ್ನ ಹತ್ತಿರ ನಕ್ಕಳು.

ನಗುವವರು ನಗಲಿ. ಸುಮ್ಮನೆ ನಿಂತ ಮನುಷ್ಯ ಅತ್ತಿತ್ತ ನೋಡದೆ ಇನ್ನೇನು ಮಾಡಬೇಕು? ಬಣ್ಣದಡಿಯ ಕೂದಲೆಳೆಯಷ್ಟು ಬಿರುಕು, ರೈಲು ಹೋಗುವಾಗ ಮೂರನೇ ಕಂಬದ ಒಂದೇ ಬೋಲ್ಟಿನ ಕಿರುಗುಟ್ಟುವಿಕೆ, ಎಲ್ಲ ಸಿಕ್ಕಿಬೀಳುತ್ತಿತ್ತು. ಆ ವರ್ಷ ಭಾವ ಒಬ್ಬರೇ ನಲವತ್ತೊಂದು ಬಿರುಕು ಹಿಡಿದರು.

ಆದರೂ ಹೆದರಿಕೆ ಹೋಗಲಿಲ್ಲ. ಒಂದು ಸಲ ಎಡವಿದರೆ ಮುಗಿಯಿತಲ್ಲ! ಕೊನೆಗೆ ತಾವೇ ಒಂದು ಕಾಗದ ಬರೆದರು: ಡಿಸ್ಕ್ ತೆಗೆದು ಕ್ಯಾಮೆರಾಕ್ಕೆ ಹಾಕುವಂಥ ಮೆಮೊರಿ ಕಾರ್ಡ್ ಹಾಕಿ, ಅದರಲ್ಲಿ ತಿರುಗುವಂಥದ್ದೇನೂ ಇಲ್ಲ, ಬಿದ್ದರೂ ಕೆಡುವುದಿಲ್ಲ.

ಆಫೀಸಿನವರು ಕಾಗದ ಓದುವುದೇ ಅಪರೂಪ, ಇದನ್ನಂತೂ ಓದಿ ಒಪ್ಪಿಯೂಬಿಟ್ಟರು. ಎಲ್ಲರ ಪೆಟ್ಟಿಗೆಗೂ ಉಗುರಗಲದ ಕಾರ್ಡ್ ಬಂತು. ಹಾರಿದರೂ ಕುಣಿದರೂ ಅದು ಕಮಕ್ ಕಿಮಕ್ ಎನ್ನಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದುಕೊಳ್ಳುತ್ತಿತ್ತು. ನಿಲ್ಲುವ ಅಗತ್ಯವೇ ಇಲ್ಲ. ಎರಡು ದಿನದ ಸೇತುವೆ ಅರ್ಧ ದಿನಕ್ಕೆ ಮುಗಿಯತೊಡಗಿತು. ಮೂರು ತಿಂಗಳಲ್ಲಿ ಭಾವನಿಗೆ ಸಿಕ್ಕಿದ್ದು ನಾಲ್ಕು ಬಿರುಕು, ಉಳಿದವರಿಗೆ ಸೊನ್ನೆ.

"ಕಾರ್ಡ್ ಬಂದ್ಮೇಲೆ ಸೇತುವೇಲಿ ದೋಷಾನೇ ಕಮ್ಮಿ ಆಗಿದೆ," ಎಂದು ಸಾಹೇಬರು ಮೀಟಿಂಗಿನಲ್ಲಿ ಗ್ರಾಫು ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಭಾವ ಎದ್ದು ನಿಂತರು. "ಕಮ್ಮಿ ಆಗಿಲ್ಲ ಸಾರ್. ಮೊದ್ಲು ಡಿಸ್ಕಿಗೆ ಹೆದ್ರಿ ನಿಲ್ತಿದ್ವಿ, ಕಣ್ಣಿಗೆ ಬೀಳ್ತಿತ್ತು. ಈಗ ಯಾರೂ ನಿಲ್ತಾ ಇಲ್ಲ."

"ನೋಡಿದ್ರಾ, ಎಷ್ಟು ಯೋಚನೆ ಮಾಡ್ತಾರೆ!" ಎಂದು ಸಾಹೇಬರು ಅವರ ಭುಜ ತಟ್ಟಿದರು. "ಇಂಥ ತಲೆ ಸೇತುವೆ ಮೇಲೆ ವ್ಯರ್ಥ ಆಗ್ಬಾರ್ದು. ನಾಳೆಯಿಂದ ಆಫೀಸಲ್ಲೇ ಇರಿ. ಎಲ್ಲರ ಕಾರ್ಡೂ ನೀವೇ ನೋಡ್ಕೊಳ್ಳಿ."

ಬೇಡ ಎಂದರೂ ಕೇಳುವವರಿಲ್ಲ. ಬಡ್ತಿ ಎಂದು ಅಕ್ಕನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಮೊದಲ ದಿನವೇ ಜೊತೆಯವನೊಬ್ಬ ಮಧ್ಯಾಹ್ನಕ್ಕೆ ಮುಂಚೆ ಬಂದು ಮೇಜಿನ ಮೇಲೆ ಕಾರ್ಡ್ ಇಟ್ಟ. ಅದರಲ್ಲಿದ್ದದ್ದು ಇಷ್ಟೇ: ಇಡೀ ಸೇತುವೆ ನೋಡಲಾಗಿದೆ, ದೋಷವಿಲ್ಲ.

"ಮೂರನೇ ಕಂಬದ ಹತ್ರ ಸ್ವಲ್ಪ ನಿಂತಿದ್ದೆ ತಾನೆ?" ಎಂದು ಭಾವ ಕೇಳಿದರು.

"ಈಗ ನಿಲ್ಲೋ ಕಷ್ಟ ಎಲ್ಲಿದೆ ಅಣ್ಣ, ಎಲ್ಲಾ ನಿಮ್ಮ ಪುಣ್ಯ," ಎಂದ ಅವನು.

ಆ ವರದಿಯ ಕೆಳಗೆ ಸಹಿ ಹಾಕುವುದು ಈಗ ಭಾವನ ಕೆಲಸ. ಹಾಕಿದರು. ಸಂಜೆ ಅವರ ಮನೆಗೆ ಹೋಗಿದ್ದ ನನಗೆ ಅದನ್ನೆಲ್ಲ ಹೇಳಿದರು. ನನ್ನ ಮನೆ ಇರುವುದು ನದಿಯ ಆಚೆ. ಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೊರಟವನನ್ನು ಭಾವ ಬಾಗಿಲಲ್ಲಿ ತಡೆದರು.

"ರೈಲು ಬೇಡ ಕಣಯ್ಯ," ಎಂದರು. "ದೋಣೀಲಿ ಹೋಗು."