ಅಪ್ಪನ ಶ್ರುತಿ ಹಿಡಿದುಕೊಟ್ಟ ರೇಡಿಯೋದಣ್ಣ

ಅವರ ಬಲಗಿವಿಯ ಮುಂದೆ, ದವಡೆಯ ಎಲುಬು ಸೇರುವಲ್ಲಿ, ಹುಣಸೆಬೀಜದಷ್ಟು ದೊಡ್ಡ ಜಡ್ಡು ಇತ್ತು. ಸ್ಕ್ರೂಡ್ರೈವರಿನ ತುದಿಯನ್ನು ಟೇಪ್‌ರೆಕಾರ್ಡರಿನ ಮೋಟಾರಿಗೆ ತಾಗಿಸಿ, ಹಿಡಿಯನ್ನು ಅಲ್ಲಿಗೆ ಒತ್ತಿ ಕಣ್ಣು ಮುಚ್ಚಿದರೆಂದರೆ ಮೋಟಾರಿನ ಕಾಯಿಲೆ ಅವರಿಗೆ ತಿಳಿಯುತ್ತಿತ್ತು. ಮುಂಬೈಯ ರಿಪೇರಿ ಅಂಗಡಿಯಲ್ಲಿ ಕಲಿತ ವಿದ್ಯೆ. ಬೈಂದೂರಿಗೆ ಬಂದು ಸ್ವಂತ ಅಂಗಡಿ ಇಟ್ಟ ಮೇಲೆ ಎಲ್ಲರಿಗೂ ಅವರು ರೇಡಿಯೋದಣ್ಣ. ಗಿರಾಕಿ ಏನಾಗಿದೆಯೆಂದು ವಿವರಿಸಲು ಹೊರಟರೆ, "ನೀವ್ ಹೇಳ್ಬೇಡಿ ಮಾರಾಯ್ರೆ, ಅದೇ ಹೇಳ್ಲಿ" ಎನ್ನುವರು.

ನನ್ನ ಅಪ್ಪ ಯಕ್ಷಗಾನದ ಭಾಗವತರು. ಅವರು ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಅವರ ಹಾಡಿನ ಒಂದೇ ಒಂದು ಕ್ಯಾಸೆಟ್ಟು. 1997ರಲ್ಲಿ ಬಿಜೂರಿನ ನೆಂಟರ ಮನೆಯ ತಾಳಮದ್ದಲೆಯಲ್ಲಿ ಕರೆಂಟು ಕೈಕೊಟ್ಟಿತ್ತು, ಬ್ಯಾಟರಿ ಹಾಕಿ ರೆಕಾರ್ಡ್ ಮಾಡಿದ್ದರು. ಟೇಪಿಗೆ ಬೂಷ್ಟು ಹಿಡಿಯುವ ಮೊದಲೇ ಅದನ್ನು ಸಿಡಿಗೆ ಹಾಕಿಕೊಟ್ಟವರು ರೇಡಿಯೋದಣ್ಣನೇ. ಆದರೆ ಆ ಸಿಡಿ ಕೇಳಿದಾಗಲೆಲ್ಲ ನನಗೇನೋ ಕಿರಿಕಿರಿ. ಅಪ್ಪನ ಸ್ವರ ತೆಳ್ಳಗೆ, ಚೂಪಾಗಿ, ಬಸ್ಸು ತಪ್ಪೀತೆಂಬ ಅವಸರದಲ್ಲಿ ಹಾಡಿದಂತೆ ಕೇಳುತ್ತಿತ್ತು. ಅಮ್ಮನಂತೂ ಸಿಡಿ ಶುರುವಾದ ಕೂಡಲೇ ಎದ್ದು ಬಾವಿಕಟ್ಟೆಗೆ ಹೋಗಿಬಿಡುತ್ತಿದ್ದಳು. ದುಃಖ ತಡೆಯಲಾರದೆ ಹೋಗುತ್ತಾಳೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಒಂದು ಮಾತು ಕೇಳಲಿಲ್ಲ, ನಾನೆಂಥ ಮಗ!

ತಪ್ಪೆಲ್ಲ ಡಿಜಿಟಲ್ಲಿನದೇ ಎಂದು ನನ್ನ ಲೆಕ್ಕಾಚಾರ. ಕುಂದಾಪುರದಲ್ಲಿ ನನ್ನದು ಚಪ್ಪಲಿ ಅಂಗಡಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಆಡಿಯೋ ಪತ್ರಿಕೆಗಳನ್ನು ಓದಿ ಓದಿ ತಲೆ ಕೆಡಿಸಿಕೊಂಡಿದ್ದೆ. ಆಂಪ್ಲಿಫೈಯರ್ ಬದಲಾಯಿಸಿದೆ, ವಯರು ಬದಲಾಯಿಸಿದೆ. ಕೊನೆಗೆ ಹೊರಗಿನ ಗಡಿಯಾರದ ಹುಚ್ಚು ಹತ್ತಿತು. ಸಿಡಿಯಲ್ಲಿ ಸ್ವರ ಅಂಕಿಗಳಾಗಿ ಕೂತಿರುತ್ತದೆ. ಯಾವ ಅಂಕಿ ಯಾವಾಗ ಹೊರಡಬೇಕೆಂದು ಪ್ಲೇಯರಿನೊಳಗೊಂದು ಗಡಿಯಾರ ತಾಳ ಹಾಕುತ್ತದೆ. ಹೊರಗಿನಿಂದ ಇನ್ನೂ ಒಳ್ಳೆಯ ಗಡಿಯಾರ ಜೋಡಿಸಿದರೆ ಸ್ವರ ಮೈದುಂಬಿ ಬರುತ್ತದಂತೆ. ತರಿಸಿಯೇಬಿಟ್ಟೆ. ಜೋಡಿಸಿ ಕೇಳಿದರೆ, ಆಹಾ, ಅಪ್ಪ ಒಂದು ಹೆಜ್ಜೆ ಹತ್ತಿರ ಬಂದ ಹಾಗೇ ಅನ್ನಿಸಿತು. ಭಾನುವಾರ ರೇಡಿಯೋದಣ್ಣನನ್ನು ಉಪ್ಪುಂದದ ನಮ್ಮ ಮನೆಗೆ ಕರೆಸಿದೆ.

"ಹ್ವಾಯ್ ಅಣ್ಣ, ಕೇಣಿ, ಸ್ವರ ಎಷ್ಟ್ ಚಂದ ಆಯ್ತ್!"

"ಚಂದ ಆದ್ದ್ ಸ್ವರವಾ, ನಿನ್ ಮನ್ಸಾ? ಕಾಂಬ."

ಹೆಗಲ ಮೇಲಿನ ಬೈರಾಸನ್ನು ತೆಗೆದು ಪ್ಲೇಯರಿಗೆ ಹೊದಿಸಿ, ಅದರ ಹಿಂದೆ ಕೂತರು. ಅವರು ಗಡಿಯಾರವನ್ನು ಒಮ್ಮೆ ಜೋಡಿಸುವುದು, ಒಮ್ಮೆ ಬಿಡಿಸುವುದು. ಈಗ ಇದೆಯೋ ಇಲ್ಲವೋ ಎಂದು ನಾನು ಚಪ್ಪಲಿ ಡಬ್ಬಿಯ ಮುಚ್ಚಳದ ಮೇಲೆ ಬರೆಯುವುದು. ಹೀಗೆ ಹತ್ತು ಸಲ. ಸರಿಯಾದದ್ದು ಐದು. ಕಿವಿಗೆ ಹತ್ತಿ ಇಟ್ಟುಕೊಂಡು ಬರೆದಿದ್ದರೂ ಅಷ್ಟೇ ಸರಿಯಾಗುತ್ತಿತ್ತೇನೋ! ನನ್ನ ಮುಖ ಸುಟ್ಟ ಬದನೆಕಾಯಿಯಾಯಿತು.

ಅವರು ನಗಲಿಲ್ಲ. ಬಾವಿಕಟ್ಟೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿ, "ಅಕ್ಕಾ, ನಿಮ್ಗೆ ಎಂತ ಅನ್ಸತ್ತ್?" ಎಂದು ಕೇಳಿದರು.

"ಇಷ್ಟ್ ವರ್ಷ ನನ್ ಹತ್ರ ಯಾರ್ ಕೇಂಡ್ರ್?" ಎಂದಳು ಅಮ್ಮ. "ಅದ್ ಅವ್ರ್ ಸ್ವರವೇ ಅಲ್ಲ. ಅವ್ರದ್ದ್ ಕಪ್ಪು ಎರಡ್. ಇದ್ ಯಾರೋ ಮಾಣಿ ಹಾಡ್ದಂಗಿತ್ತ್."

ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಮನೆಯೇ ಅಪ್ಪನ ಶ್ರುತಿ. ರೇಡಿಯೋದಣ್ಣ ಅಪ್ಪನ ಶ್ರುತಿಪೆಟ್ಟಿಗೆ ತರಿಸಿದರು. ಅಮ್ಮ ಅದರ ತಿದಿ ಒತ್ತಿದಳು, ನಾನು ಸಿಡಿ ಹಾಕಿದೆ. ಎರಡೂ ಹೊಂದಲೇ ಇಲ್ಲ. ಸಿಡಿಯೊಳಗಿನ ಅಪ್ಪ ಒಂದು ಮನೆ ಮೇಲೆ ಹಾಡುತ್ತಿದ್ದರು.

"ಅಯ್ಯೋ ದೇವ್ರೇ!" ರೇಡಿಯೋದಣ್ಣ ತಲೆಯ ಮೇಲೆ ಕೈ ಹೊತ್ತರು. "ತಪ್ಪ್ ನಂದೇ, ಅಕ್ಕಾ. ಅವತ್ತ್ ಬ್ಯಾಟ್ರಿ ವೀಕ್ ಇದ್ದಿರ್ಕ್, ಟೇಪ್ ನಿಧಾನ ಓಡಿತ್ತ್. ನಾನ್ ಮೋಟರ್ ಕೇಂಡೆ, ನಿಮ್ ಹತ್ರ ಕೇಂಬುಕ್ ಮರ್ತೆ."

ನಿಧಾನ ಓಡಿದ ಟೇಪಿನಲ್ಲಿ ತುಂಬಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸ್ವರ ಏರುತ್ತದೆ, ತೆಳ್ಳಗಾಗುತ್ತದೆ. ಆ ತಪ್ಪು ಸಿಡಿಗೂ ಹಾಗೇ ಇಳಿದಿತ್ತು. ಅದನ್ನು ಯಾವ ಗಡಿಯಾರ ತಿದ್ದೀತು? ರೇಡಿಯೋದಣ್ಣ ಕ್ಯಾಸೆಟ್ಟನ್ನೂ ಶ್ರುತಿಪೆಟ್ಟಿಗೆಯನ್ನೂ ಎತ್ತಿಕೊಂಡು ಹೋದರು. ಎಂಟು ದಿನ ಡೆಕ್ಕಿನ ಮೋಟಾರಿನ ಸ್ಕ್ರೂವನ್ನು ಚೂರುಚೂರೇ ತಿರುಗಿಸಿ, ಶ್ರುತಿ ಕೂಡಿಸಿ, ಹೊಸ ಸಿಡಿ ಮಾಡಿ ತಂದರು. ಹಾಕಿದೆವು. ಅಮ್ಮ ಏಳಲಿಲ್ಲ. ನೆಲದ ಮೇಲೆ ಕೂತು ಮೊಣಕಾಲಿನ ಮೇಲೆ ತಾಳ ಹಾಕತೊಡಗಿದಳು. ಮೊದಲ ಪದ ಮುಗಿಯುವಾಗ, "ಈಗ ಬಂದ್ರ್ ಕಾಣ್" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಅತ್ತೆ, ಅದರಲ್ಲಿ ನಾಚಿಕೆ ಎಂಥದು? ರೇಡಿಯೋದಣ್ಣ ಮೆಲ್ಲನೆ ಅಂಗಳಕ್ಕೆ ಇಳಿದು ಹೋಗಿದ್ದರು.

ಅಮ್ಮ ಆಮೇಲೆ ಮೂರು ವರ್ಷ ಬದುಕಿದಳು. ದಿನಾ ಸಂಜೆ ದೀಪ ಹಚ್ಚಿ ಆ ಸಿಡಿ ಹಾಕಿಸಿಕೊಂಡಳು. ಅಷ್ಟು ವರ್ಷ ಅವಳಿಗೆ ಇಲ್ಲದ್ದನ್ನು ಕೊಟ್ಟವರು ಅವರು, ನಾನಲ್ಲ.

ಅಮ್ಮ ಹೋದ ಮರುವರ್ಷ ರೇಡಿಯೋದಣ್ಣನೂ ಹೋದರು. ಉತ್ತರಕ್ರಿಯೆಯ ದಿನ ಬೊಜ್ಜದ ಊಟ ಮುಗಿಸಿ ಹೊರಟ ನನ್ನನ್ನು ಅವರ ಮಗಳು ಗೇಟಿನವರೆಗೆ ಹಿಂಬಾಲಿಸಿ ಬಂದಳು. "ಮಾವಾ, ಅಪ್ಪಯ್ಯನ ಸ್ವರ ನಿಮ್ ಹತ್ರ ಎಲ್ಲಾದ್ರೂ ಇತ್ತಾ? ಅಂಗ್ಡಿಯೆಲ್ಲ ಹುಡ್ಕಿದೆ. ಊರಿನವ್ರದ್ದೆಲ್ಲ ಇತ್ತ್, ಅವ್ರದ್ದ್ ಒಂದೂ ಇಲ್ಲೆ."

ಮನೆ ತುಂಬ ಯಂತ್ರ ಇಟ್ಟುಕೊಂಡವನು ನಾನು. ಅವರು ನಮ್ಮ ಜಗಲಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡಿದ್ದರು. ಒಂದು ದಿನವಾದರೂ ರೆಕಾರ್ಡಿನ ಗುಂಡಿ ಒತ್ತಿದ್ದರೆ ಸಾಕಿತ್ತು.

"ನನ್ ಹತ್ರವೂ ಇಲ್ಲೆ ಮಗಾ" ಎಂದೆ.