ಪಕ್ಕೆಗೆ ಬಡಿದು ಲಿವರ್ ನೋಡಿದ ದಿನ

ನನ್ನ ಹೆಂಡತಿ ಹುಟ್ಟಿದಾಗಿನಿಂದ ಸೆರೆಯ ಹನಿ ನಾಲಿಗೆಗೆ ಹಚ್ಚಿದವಳಲ್ಲ. ಆದರೂ ಅವಳಿಗೆ ಲಿವರ್ ಸಿರೋಸಿಸ್ ಎಂಬ ಸುದ್ದಿ ಹಬ್ಬಿದ ಮೇಲೆ, ಮಸ್ಕಿಯ ನನ್ನ ಹೊಲಿಗೆ ಅಂಗಡಿಗೆ ಜಂಪರ್ ಹೊಲಿಸಲು ಬಂದ ಹೆಂಗಸೊಬ್ಬಳು ದನಿ ತಗ್ಗಿಸಿ, ಅಕ್ಕಾರು ಕುಡೀತಿದ್ರೇನು ಎಂದು ಕೇಳಿಯೇಬಿಟ್ಟಳು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಅವಳ ಬಟ್ಟೆಯನ್ನು ಹಾಗೇ ಮಡಚಿ ಕೈಗಿಟ್ಟು, ಬೇರೆ ಅಂಗಡಿ ನೋಡಿಕೋ ತಾಯಿ ಎಂದೆ. ಯಾವ ಕಾಲದಲ್ಲೋ ಮೈಯೊಳಗೆ ಹೊಕ್ಕ ಕಾಮಾಲೆಯ ವೈರಸ್ಸು ಸದ್ದಿಲ್ಲದೆ ಕೂತು ಅವಳ ಲಿವರನ್ನು ಗಟ್ಟಿ ಮಾಡಿತ್ತು. ಇದನ್ನು ಎಷ್ಟು ಮಂದಿಗೆ ಬಿಡಿಸಿ ಹೇಳುತ್ತ ಕೂಡುವುದು?

ಲಿಂಗಸುಗೂರಿನಲ್ಲಿ ಅವಳನ್ನು ನೋಡುವ ಡಾಕ್ಟರು ನನಗೆ ತಿಳಿಯುವ ಹಾಗೆ ಹೇಳಿದ್ದರು. ಲಿವರ್ ಗಟ್ಟಿಯಾದರೆ ರಕ್ತಕ್ಕೆ ದಾರಿ ಸಿಗುವುದಿಲ್ಲ. ಒತ್ತಡ ಹೆಚ್ಚಿ ಅನ್ನನಾಳದ ನರಗಳು ಉಬ್ಬುತ್ತವೆ. ಒಡೆದರೆ ರಕ್ತವಾಂತಿಯಾಗಿ ನೋಡನೋಡುತ್ತ ಜೀವ ಹೋಗಬಹುದು. ಉಬ್ಬಿವೆಯೋ ಇಲ್ಲವೋ ಎಂದು ನೋಡಲು ಬಾಯಿಂದ ಕ್ಯಾಮೆರಾದ ಟ್ಯೂಬ್ ಇಳಿಸಬೇಕು. ಹೋದ ವರ್ಷ ರಾಯಚೂರಿನಲ್ಲಿ ಇಳಿಸಿದ್ದರು. ಆಗ ನರಗಳು ಚೆನ್ನಾಗಿದ್ದವು, ಇವಳೇ ಚೆನ್ನಾಗಿರಲಿಲ್ಲ. ಉಸಿರು ಕಟ್ಟಿ ಒದ್ದಾಡಿ, ಹೊರಗೆ ಬಂದು ಬೆಂಚಿನ ಮೇಲೆ ಮುದುಡಿ ಕೂತವಳ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಈ ವರ್ಷ ಮತ್ತೆ ನೋಡಬೇಕು ಎಂದಾಗ ಅವಳು ಒಲ್ಲೆನೆಂದು ತಲೆಯಾಡಿಸಿದಳು. ನಾನು ಬೈದೆ, ಕೈ ಮುಗಿದೆ, ಮತ್ತೆ ಬೈದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಗ ಲಿಂಗಸುಗೂರಿನ ಡಾಕ್ಟರೇ ಇನ್ನೊಂದು ದಾರಿ ತೋರಿಸಿದರು. ಸಿಂಧನೂರಿನ ಒಂದು ದವಾಖಾನೆಗೆ ತಿಂಗಳಿಗೊಮ್ಮೆ ಒಂದು ಮಷಿನ್ ಬರುತ್ತದೆ. ಒಳಗೆ ಏನೂ ಹೋಗುವುದಿಲ್ಲ, ಹೊರಗಿನಿಂದ ಪಕ್ಕೆಗೆ ತಟ್ಟಿ ಲಿವರ್ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಅದರ ಅಂಕಿ ಒಂದು ಮಿತಿಯ ಕೆಳಗಿದ್ದು, ರಕ್ತದಲ್ಲಿ ಪ್ಲೇಟ್‌ಲೆಟ್ ಸಾಕಷ್ಟಿದ್ದರೆ, ಈ ವರ್ಷಕ್ಕೆ ಟ್ಯೂಬ್ ಬೇಡ. ಪ್ಲೇಟ್‌ಲೆಟ್ ಚೆನ್ನಾಗಿಯೇ ಬಂದಿತ್ತು. ಉಳಿದದ್ದು ಮಷಿನ್. ಬೆಳಿಗ್ಗೆ ಏನೂ ತಿನ್ನಬಾರದು, ಅಷ್ಟೇ ಷರತ್ತು.

ನಾನಂತೂ ನಂಬಲಿಲ್ಲ. ಹೊರಗೆ ತಟ್ಟಿದರೆ ಒಳಗಿನ ಸಂಗತಿ ತಿಳಿಯಲು ಇದೇನು ಕಲ್ಲಂಗಡಿಯೇ ಎಂದು ದಾರಿಯುದ್ದಕ್ಕೂ ಗೊಣಗಿದೆ. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಹಿಂದೆ ಕಂಬ ಹಿಡಿದು. ಬಳಗಾನೂರಿನ ಕಡೆ ಭತ್ತದ ನಾಟಿಗೆ ಹೊರಟ ಹೆಣ್ಣಾಳುಗಳಿಂದ ಬಸ್ಸು ತುಂಬಿತ್ತು.

ದವಾಖಾನೆಯಲ್ಲಿ ನರ್ಸು, ಏನರ ತಿಂದೀರೇನು ಎಂದು ಕೇಳಿದರೆ ಇವಳು ಇಲ್ಲವೆಂದು ತಲೆಯಾಡಿಸಿದಳು. ಬಲಗೈ ತಲೆಯಡಿಗಿಟ್ಟು ಮಲಗಿಸಿದರು. ಅಲ್ಲಿನ ಡಾಕ್ಟರು ಪಕ್ಕೆಲುಬಿನ ಸಂದಿಗೆ ತಣ್ಣನೆಯ ಜೆಲ್ ಸವರಿ, ಗಿಡ್ಡ ಕೋಲಿನಂಥದೊಂದನ್ನು ಒತ್ತಿ ಹಿಡಿದರು. ಟಕ್. ಯಾರೋ ಬೆರಳಿನಿಂದ ತಟ್ಟಿದ ಹಾಗೆ, ಅಷ್ಟೇ. ಮತ್ತೆ ಟಕ್. ಒಂದೊಂದು ಟಕ್ಕಿಗೂ ಪರದೆಯ ಮೇಲೆ ಓರೆಯಾದ ಕಪ್ಪು ಗೆರೆಯೊಂದು ಇಳಿಯುತ್ತಿತ್ತು. ತಟ್ಟಿದ ಅಲೆ ಲಿವರಿನೊಳಗೆ ಓಡುವುದೇ ಆ ಗೆರೆ, ಗಟ್ಟಿಯಿದ್ದರೆ ಬೇಗ ಓಡುತ್ತದೆ, ಮೆತ್ತಗಿದ್ದರೆ ನಿಧಾನ ಎಂದರು. ನನ್ನ ಮೈ ಜುಮ್ಮೆಂದಿತು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಸುಕಿ ಗಂಜಿ ಎಷ್ಟಿದೆ ಎಂದು ಹೇಳುವ ಕಸುಬು ನನ್ನದು. ಆದರೆ ಬೆರಳಿಗೆ ಬಟ್ಟೆ ಸಿಗಬೇಕಲ್ಲ? ಇಲ್ಲಿ ಚರ್ಮ ಸೀಳದೆ, ರಕ್ತ ಕಾಣದೆ, ಇಷ್ಟು ವರ್ಷ ಜೊತೆಗೆ ಬಾಳಿದ ನಾನೇ ಎಂದೂ ನೋಡದ ಅವಳ ಒಳಗನ್ನು ಯಾವುದೋ ಒಂದು ಮುಟ್ಟಿ ನೋಡುತ್ತಿತ್ತು. ಗೊಣಗಿದ್ದಕ್ಕೆ ನಾಚಿಕೆಯಾಯಿತು.

ಆದರೆ ಅಂಕಿ ಆ ಮಿತಿಗಿಂತ ಮೇಲೆಯೇ ನಿಂತಿತು, ಕೂದಲೆಳೆಯಷ್ಟು ಮೇಲೆ. ಟ್ಯೂಬ್ ಹಾಕಿ ನೋಡಬೇಕಾಗಬಹುದು ಎಂದು ಡಾಕ್ಟರು ಹೇಳಿದಾಗ ಅವಳ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ. ಅವರು ಏನೋ ಅನುಮಾನ ಬಂದವರಂತೆ, ಖರೇನ ಏನೂ ತಿಂದಿಲ್ಲವೇನಮ್ಮ ಎಂದು ಮತ್ತೊಮ್ಮೆ ಕೇಳಿದರು.

"ಮನ್ಯಾಗ ತಿಂದಿಲ್ರಿ," ಅಂದಳು. "ಬಸ್ಸಿನ್ಯಾಗ ಬಾಜೂಕಿನಾಕಿ ಬುತ್ತಿ ಬಿಚ್ಚಿ ಕೊಟ್ಲ್ರಿ. ಒಲ್ಲೆ ಅಂದ್ರ ಆಕಿ ಏನಂದ್ಕೊಂತಾಳ? ಒಂದರ್ಧ ರೊಟ್ಟಿ, ಪುಂಡಿಪಲ್ಯ."

ಕೆದಕಿ ಕೇಳಿದರೆ ಅರ್ಧ ರೊಟ್ಟಿ ಒಂದೂವರೆ ಆಯಿತು. ಅವಳು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಮಗ್ಗುಲಲ್ಲಿ ಕೂತವರು ಬುತ್ತಿ ಬಿಚ್ಚಿ ಚಾಚಿದ ಮೇಲೆ ಕೈ ಒಡ್ಡದಿದ್ದರೆ ಅದು ಅವರ ಅನ್ನಕ್ಕೆ ಮಾಡಿದ ಅವಮಾನ. ಹಾಗೆ ತಿಂದದ್ದನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ನಾನು ಮಾತ್ರ ತಲೆ ಕೆಟ್ಟು ಬೈಯಲು ಬಾಯಿ ತೆರೆದೆ. ಡಾಕ್ಟರು ನಕ್ಕು ನನ್ನನ್ನು ತಡೆದರು. "ನಮ್ಮ ಮಂದಿಗೆ ತಿನ್ನಬ್ಯಾಡ್ರಿ ಅಂದ್ರ ಸಾಲಂಗಿಲ್ಲ, ಕೊಟ್ರೂ ತಗೋಬ್ಯಾಡ್ರಿ ಅನಬೇಕು." ಉಂಡ ಮೇಲೆ ಲಿವರಿಗೆ ರಕ್ತ ನುಗ್ಗಿ ಅದು ಬಿಗಿಯುತ್ತದಂತೆ, ಮಷಿನ್ನಿಗೆ ಆ ಬಿಗಿಯೂ ಗಟ್ಟಿಯೆಂದೇ ಕಾಣುತ್ತದಂತೆ. ಮಧ್ಯಾಹ್ನ ಮತ್ತೆ ನೋಡೋಣ, ಅಲ್ಲಿಯವರೆಗೆ ಬಾಯಿಗೆ ಏನೂ ಹಾಕಬೇಡಿ ಎಂದರು.

ಒಂದೂವರೆ ರೊಟ್ಟಿಯ ಬಿಗಿಯೂ ಅದಕ್ಕೆ ತಿಳಿಯುತ್ತದೆಯಲ್ಲ ಎಂದು ಹೊರಗೆ ಕೂತು ನಾನು ಬೆರಗಾದೆ. ಬೆರಗು ಇಳಿದ ಮೇಲೆ ಹೆದರಿಕೆ ಬಂತು. ರೊಟ್ಟಿಯದಲ್ಲದೆ ರೋಗದ್ದೇ ಆಗಿದ್ದರೆ? ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ನಾನು ಬೈಯಲಿಲ್ಲ.

ಮಧ್ಯಾಹ್ನ ಮತ್ತೆ ಅದೇ ಮಂಚ, ಅದೇ ಜೆಲ್. ಟಕ್ ಎಂದಾಗಲೆಲ್ಲ ನಾನು ಉಸಿರು ಹಿಡಿಯುತ್ತಿದ್ದೆ. ಗೆರೆಗಳು ಈ ಸಲ ಇನ್ನಷ್ಟು ನಿಧಾನ ಇಳಿದವೋ, ನನ್ನ ಕಣ್ಣಿಗೇ ಹಾಗೆ ಕಂಡಿತೋ. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಅಂಕಿ ಮಿತಿಯ ಕೆಳಗಿತ್ತು. ಮಾತ್ರೆ ಬಿಡಬೇಡಿ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬೇಡಿ, ಬರುವ ವರ್ಷ ಇದನ್ನೇ ಮತ್ತೆ ಮಾಡೋಣ, ಸದ್ಯ ಟ್ಯೂಬ್ ಬೇಡ ಎಂದರು.

ಅವಳು ನಗುತ್ತಾಳೆಂದುಕೊಂಡಿದ್ದೆ. ಕೋಣೆಯಿಂದ ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟವಳು ಗೋಡೆ ಹಿಡಿದು ನಿಂತು ಬಿಕ್ಕಿ ಬಿಕ್ಕಿ ಅತ್ತಳು.

"ಟ್ಯೂಬ್ ಹಾಕ್ಬೇಕಂದಿದ್ರ ಹಾಕಿಸ್ಕೊಳ್ಳದನ ನಾ ಮನೀಗೆ ಬಂದ್ಬಿಡಾಕಿದ್ನ್ರಿ," ಅಂದಳು. "ಆಗೂದು ಆಗ್ಲಿ ಅಂತ ಗಟ್ಟಿ ಮಾಡ್ಕೊಂಡಿದ್ದೆ. ನಾ ಹ್ವಾದ್ರ ನಿಮಗ ತ್ರಾಸ ಆಗಬಾರ್ದಂತ ಎಲ್ಲಾ ಬಟ್ಟಿ ಒಗದಿಟ್ಟು ಬಂದೀನಿ. ನಿಮಗ ಹೇಳಿದ್ರ ಬೈತಿದ್ರಿ."

ಬೆಳಿಗ್ಗೆಯ ಅಂಕಿಯನ್ನೇ ನಂಬಿ ಡಾಕ್ಟರು ಟ್ಯೂಬಿಗೆ ಚೀಟಿ ಬರೆದುಕೊಟ್ಟಿದ್ದರೆ, ಆ ಚೀಟಿ ಜೇಬಿನಲ್ಲಿಟ್ಟುಕೊಂಡು ನಾನು ಅವಳನ್ನು ಸಾಯಲೆಂದೇ ಊರಿಗೆ ಕರೆದೊಯ್ಯುತ್ತಿದ್ದೆ, ನನಗೆ ಗೊತ್ತೂ ಆಗುತ್ತಿರಲಿಲ್ಲ. ಅವಳ ಲಿವರ್ ಎಷ್ಟು ಗಟ್ಟಿ ಎಂಬುದು ಮಷಿನ್ನಿಗೆ ತಿಳಿದಿತ್ತು. ಅವಳು ಮನಸ್ಸು ಅಷ್ಟು ಗಟ್ಟಿ ಮಾಡಿಕೊಂಡದ್ದು ನನಗೇ ತಿಳಿದಿರಲಿಲ್ಲ. ದವಾಖಾನೆಯ ನಡುವೆಯೇ ಅವಳ ಕೈ ಹಿಡಿದುಕೊಂಡೆ. ಮದುವೆಯ ದಿನ ಬಿಟ್ಟರೆ ಮಂದಿಯ ಮುಂದೆ ಹಿಡಿದದ್ದು ಅದೇ ಮೊದಲು. ಮಂದಿ ನೋಡಾಕತ್ತಾರ್ರಿ ಅಂದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.